29 ವಿಷಯ ಪಂಚಾಯತಿಗೆ, ಆದರೆ ಒಂದು ಕಾಲುಸಂಕ ಆಗುವುದಿಲ್ಲ ಯಾಕೆ?

ಪ್ರಶ್ನೆ (ಗ್ರಾಮ ಪಂಚಾಯತ್ ಸದಸ್ಯೆ, ಬ್ರಹ್ಮಾವರ ತಾಲೂಕು):
ಸರ್, ನಮ್ಮ ವಾರ್ಡಿನ ತೋಡಿಗೆ ಈಗಲೂ ಅಡಿಕೆ ಮರದ ಕಾಲುಸಂಕವೇ (ನಡೆದು ದಾಟುವ ಕಿರುಸೇತುವೆ) ಗತಿ. 15ನೇ ಹಣಕಾಸಿನ ದುಡ್ಡಲ್ಲಿ ಸಿಮೆಂಟಿನದ್ದು ಮಾಡುವ ಎಂದರೆ, ಅದು ನೀರು, ನೈರ್ಮಲ್ಯಕ್ಕೆ ಮಾತ್ರ ಅಂತಾರೆ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ). ಕೇಂದ್ರದವರು ಅಧಿಕಾರ ಕೊಟ್ಟಾಗಿದೆ ಎಂದು ಭಾಷಣದಲ್ಲಿ ಕೇಳುತ್ತೇವೆ. ನಮ್ಮ ಕೈಯಲ್ಲಿ ಇರುವುದು ಎಂತ?

ಉತ್ತರ (ವಕೀಲರು, ಉಡುಪಿ):
ಪಿಡಿಒ ಹೇಳಿದ್ದು ಅರ್ಧ ಸರಿ. 2021ರಿಂದ 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ನೀರು, ನೈರ್ಮಲ್ಯಕ್ಕೆ ಕಟ್ಟಿಟ್ಟದ್ದು. ಉಳಿದ ಶೇ. 40 ಅನಿರ್ಬಂಧಿತ, ಸಂಬಳ, ಕಚೇರಿ ಖರ್ಚು ಬಿಟ್ಟು ಊರಿನ ಬೇರೆ ಅಗತ್ಯಕ್ಕೆ ಬಳಸಬಹುದಾದದ್ದು. ಪಂಚಾಯತಿಗೆ ಬಿಡಬಹುದಾದ 29 ವಿಷಯಗಳ ಪಟ್ಟಿ ಸಂವಿಧಾನದ 11ನೇ ಅನುಸೂಚಿಯಲ್ಲಿದೆ; ಅದರ 13ನೇ ವಿಷಯದಲ್ಲಿ ರಸ್ತೆ, ಮೋರಿ, ಸೇತುವೆ, ಕಡವು ಎಲ್ಲ ಇವೆ. ಕಾಲುಸಂಕ ಅದರೊಳಗೆ ಬಂತಲ್ಲ! ಹಾಗಾಗಿ ಆ ಶೇ. 40 ಎಲ್ಲಿ ಹೋಯಿತು ಎಂದು ಕೇಳಿ. ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯತಿನ ಕ್ರಿಯಾ ಯೋಜನೆಯೇ ಸಿಗುತ್ತದೆ.

ಭಾಷಣದ ವಿಷಯಕ್ಕೆ ಬರುವ. ಸ್ಥಳೀಯಾಡಳಿತ ರಾಜ್ಯಪಟ್ಟಿಯಲ್ಲಿದೆ, ಅಂದರೆ ಅದರ ಕಾನೂನು ಮಾಡುವುದು ರಾಜ್ಯ. 1993ರ ಏಪ್ರಿಲ್ 24ಕ್ಕೆ ಜಾರಿಗೆ ಬಂದ, ಪಂಚಾಯತಿಗಳ ಕುರಿತ ಸಂವಿಧಾನದ 73ನೇ ತಿದ್ದುಪಡಿ ಚುನಾವಣೆಯನ್ನು, ಮೀಸಲಾತಿಯನ್ನು ಕಡ್ಡಾಯ ಮಾಡಿತು. 29 ವಿಷಯಗಳಲ್ಲಿ ಯಾವುದನ್ನು ಎಷ್ಟು ಬಿಟ್ಟುಕೊಡಬೇಕು ಎಂಬುದನ್ನು ರಾಜ್ಯದ ಶಾಸಕಾಂಗಕ್ಕೇ ಬಿಟ್ಟಿತು. ದೆಹಲಿಗೆ ಬೈದು ಪ್ರಯೋಜನ ಇಲ್ಲ ಮಾರಾಯ್ರೆ, ಕೀಲಿಕೈ ಬೆಂಗಳೂರಿನಲ್ಲಿದೆ. ದೆಹಲಿ ಮಾಡುವುದು ಬೇರೆ: ಹಣ ಕಳಿಸುವಾಗಲೇ ಇಂತಿಂಥದಕ್ಕೆ ಎಂದು ಚೀಟಿ ಅಂಟಿಸುವುದು.

ನಮ್ಮ ರಾಜ್ಯ ಹಿಂದೆ ಹೀಗಿರಲಿಲ್ಲ. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ತಂದ 1983ರ ಕಾಯ್ದೆಯಡಿ ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯತ್) ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಈಗ ನೋಡಿ, ಜಿಲ್ಲಾ ಪಂಚಾಯತ್ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದರು. ಕಡ್ಡಾಯ ಇದ್ದದ್ದಕ್ಕೇ ಈ ಗತಿ!

ಪ್ರಶ್ನೆ (ಮಂಗಳೂರು, ಕದ್ರಿ ಕಡೆಯವರು):
ಕಾರ್ಪೊರೇಶನಿಗೂ ಇದೇ ಕತೆಯಾ ಸರ್?

ಉತ್ತರ:
ಹೆಚ್ಚು ಕಡಿಮೆ. ನಗರಾಡಳಿತಕ್ಕೆ ಬಂದ 74ನೇ ತಿದ್ದುಪಡಿಯ 12ನೇ ಅನುಸೂಚಿಯಲ್ಲಿ 18 ವಿಷಯ, ಮೊದಲನೆಯದೇ ನಗರ ಯೋಜನೆ. ಆದರೆ ಮಂಗಳೂರಿನ ಮಾಸ್ಟರ್ ಪ್ಲಾನ್ ಮಾಡುವುದು ಮೂಡಾ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ), ಅದರ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರಕಾರ. ಸ್ಮಾರ್ಟ್ ಸಿಟಿ ಬಂದಾಗ ಅದಕ್ಕೂ ಪ್ರತ್ಯೇಕ ಕಂಪೆನಿ ಮಾಡಿದರು. ನಿಮ್ಮ ಓಟು ಕಾರ್ಪೊರೇಟರಿಗೆ, ನಕ್ಷೆ ಇನ್ನೊಬ್ಬರ ಮೇಜಿನ ಮೇಲೆ.

ಪ್ರಶ್ನೆ (ಮೊದಲು ಕೇಳಿದವರು):
ಅನಿರ್ಬಂಧಿತದಲ್ಲಿ ದುಡ್ಡು ಉಳಿದಿದೆ ಎಂದೇ ಇಟ್ಟುಕೊಳ್ಳಿ. ಎಸ್ಟಿಮೇಟ್ ಮಾಡುವವರು ಯಾರು? ನಮ್ಮಲ್ಲಿ ಎಂಜಿನಿಯರ್ ಇಲ್ಲ.

ಉತ್ತರ:
ಸಿಕ್ಕಿಬೀಳುವುದು ಅಲ್ಲಿಯೇ. ಎಂಜಿನಿಯರ್ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಯವರು, ಪಂಚಾಯತಿನ ಸಿಬ್ಬಂದಿ ಅಲ್ಲ. ಕೆಲಸ ನಿಮಗೆ ಕೊಟ್ಟರು, ಹಣ ಸ್ವಲ್ಪ ಕೊಟ್ಟರು, ಜನ ಕೊಡಲಿಲ್ಲ. ಬೇಡಿಕೆಯನ್ನು ಮೊದಲು ವಾರ್ಡ್ ಸಭೆಯ ನಡಾವಳಿಯಲ್ಲಿ ಬರೆಸಿ, ಆಮೇಲೆ ಗ್ರಾಮ ಸಭೆಗೆ ತನ್ನಿ. ಪಂಚಾಯತ್ ನಿರ್ಣಯದ ಪ್ರತಿ ಇಟ್ಟು ಎಸ್ಟಿಮೇಟಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ತೆಗೆದುಕೊಳ್ಳಿ. ಮಳೆ ನಿಂತ ಕೂಡಲೇ ಕೇಳಿ. ಏಪ್ರಿಲಿನಲ್ಲಿ ಕೇಳಿದರೆ ಕೆಲಸ ಶುರುವಾಗುವ ಮೊದಲೇ ತೋಡಿನಲ್ಲಿ ನೀರು ಬಂದಿರುತ್ತದೆ.