ಡೀಸೆಲ್ ಪಿಕಪ್ ರೀಮ್ಯಾಪ್ ಮಾಡ್ಸಿದ್ರ ಟ್ರೇಲರ್ ಎಳಿತೈತೇನ್ರಿ?

ನಮಸ್ಕಾರ್ರೀ, ನಾ ಕುಂದಗೋಳದಾಂವ, ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೊಡಿತೇನಿ. ಅಂಕೋಲಾದಿಂದ ಲೋಡ್ ಹಾಕ್ಕೊಂಡು ವಾಪಸ್ ಬರೂಮುಂದ ಅರಬೈಲ್ ಘಾಟಿನ್ಯಾಗ ಗಾಡಿ ಸೆಕೆಂಡ್ ಗೇರ್ ಬಿಟ್ಟು ಥರ್ಡಿಗೆ ಬರಂಗೇ ಇಲ್ಲ, ಈಗ ಹಿಂದ ಸಣ್ಣ ಟ್ರೇಲರ್ ಬ್ಯಾರೆ ಕಟ್ಟೂ ವಿಚಾರ ಐತಿ, ರೀಮ್ಯಾಪ್ ಮಾಡ್ಸ್ಲೋ ಬ್ಯಾಡೋ?

ಉತ್ತರ: ಅವಸರ ಮಾಡಬ್ಯಾಡಣ್ಣಾ. ರೀಮ್ಯಾಪ್ ಅಂದ್ರ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಡೀಸೆಲ್ಲೂ, ಟರ್ಬೊ ಇಂಜಿನ್ನಿಗೆ ಒತ್ತಿ ತುಂಬೂ ಗಾಳೀನೂ ಹೆಚ್ಚು ಮಾಡೂದು, ಗಾಳಿ ಸಾಲದ ಡೀಸೆಲ್ ಅಷ್ಟ ಹೆಚ್ಚಾದ್ರ ಕರಿ ಹೊಗಿ, ಕಾವು ಏರಿ ಟರ್ಬೊ, ಪಿಸ್ಟನ್ ಎರಡಕ್ಕೂ ಪೆಟ್ಟು. ನಾ ಮಾಡ್ಸಿದ್ದೆ, ನಾಕ ತಿಂಗಳಿಗೆ ಕ್ಲಚ್ ಪ್ಲೇಟ್ ಹೋತು, ಆ ಸುಟ್ಟ ವಾಸನಿ ಇನ್ನೂ ಮೂಗಿನ್ಯಾಗೈತಿ. ಮೊದ್ಲ ಏರ್ ಫಿಲ್ಟರ್ ಬದಲಿಸ್ರಿ, ಟರ್ಬೊ ಗಾಳಿ ತಣ್ಣಗ ಮಾಡೂ ಇಂಟರ್‌ಕೂಲರಿನ ಪೈಪ್ ಎಲ್ಲೆರ ಸೀಳೇತೇನ್ ನೋಡ್ರಿ, ಸೀಳಿದ್ರ ಗಾಳಿ ಸೋರಿ ಎಳಿತ ಕಡಿಮಿ ಆಗ್ತೈತಿ.

ಉತ್ತರ: ಎಳಿಯೂದಕಿಂತ ನಿಲ್ಸೂದು ದೊಡ್ಡದ್ರಿ. ಟ್ರೇಲರಿಗೆ ಬ್ರೇಕ್ ಇಲ್ದ ಘಾಟ್ ಇಳಿದ್ರ ಹಿಂದಿನಿಂದ ನೂಕ್ತೈತಿ. ಮೋಟಾರು ವಾಹನ ಕಾಯ್ದೆ 1988ರ ಕಲಂ 52 ಪ್ರಕಾರ ಕಂಪನಿ ಕೊಟ್ಟದ್ದನ್ನ ಮನಸಿಗೆ ಬಂದಂಗ ಬದಲಿಸಂಗಿಲ್ಲ, ನಾಳೆ ಇನ್ಶೂರೆನ್ಸ್ ಕ್ಲೇಮಿಗೂ ತ್ರಾಸ ಆಗ್ತೈತಿ.

ಕೇಳಿದಾಂವ: ಪೈಪ್ ನೋಡಿದ್ನಿರಿ, ಕ್ಲಾಂಪ್ ಬುಡಕ್ಕ ಎಣ್ಣಿ ಜಿನುಗಿ ಧೂಳಾ ಹತ್ತಿ ಕರ್ರಗಾಗೇತಿ, ಬಟ್ಟಿಲೆ ಒರಸಿದ್ರ ಬೆರಳುದ್ದ ಸೀಳು ಕಂಡ್ತು. ನಾಳೆ ಹುಬ್ಬಳ್ಳ್ಯಾಗ ಹೊಸಾದು ಹಾಕ್ಸ್ತೇನಿ.