ತೀನ್ ಕಂದಿಲ್ ಸುತ್ತ ಜನ ಮತ್ತೆ ಬರಬೇಕಂದ್ರೆ ಮೊದಲು ಏನು ಕೇಳೋಣ?

ಜವಳಿ ಅಂಗಡಿ, ರಾಯಚೂರು

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಹಳೇ ಪೇಟೆಯಲ್ಲಿ, ತೀನ್ ಕಂದಿಲ್ ಹತ್ತಿರ ನಮ್ಮದೊಂದು ಜವಳಿ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು. ಇಳಕಲ್ ಸೀರೆ, ಧೋತರ, ಟವೆಲ್ಲು, ಮದುವೆ ಜವಳಿ, ಇಷ್ಟೇ ನಮ್ಮ ವ್ಯಾಪಾರ. ಮೊದಲೆಲ್ಲಾ ಮಾನ್ವಿ, ಸಿರವಾರ, ದೇವದುರ್ಗದ ಜನ ಮದುವೆ ಜವಳಿಗೆ ಇಲ್ಲಿಗೇ ಬರುತ್ತಿದ್ದರು. ಆ ಕಡೆ ಗದ್ವಾಲದಿಂದಲೂ ಬರುತ್ತಿದ್ದರು. ಸೀರೆಗೇ ಹೆಸರಾದ ಊರಿನವರು ನಮ್ಮಲ್ಲಿ ಬಂದು ಇಳಕಲ್ ಸೀರೆ ಕಟ್ಟಿಸಿಕೊಂಡು ಹೋಗುವಾಗ ಅಪ್ಪನಿಗೆ ಏನೋ ಒಂದು ಖುಷಿ.

ಈಗ ಅದೇ ಜನ ದೊಡ್ಡ ಶೋರೂಮ್ ಕಡೆ ಹೋಗುತ್ತಾರೆ. ಅಲ್ಲಿ ಎಸಿ ಇದೆ, ಗಾಡಿ ನಿಲ್ಲಿಸೋಕೆ ಜಾಗ ಇದೆ. ನಮ್ಮ ಕಡೆ ಬೆಳಿಗ್ಗೆ ಉಸ್ಮಾನಿಯಾ ಮಾರುಕಟ್ಟೆಗೆ ತರಕಾರಿಗೆ ಬಂದವರು ಹನ್ನೊಂದರೊಳಗೆ ಮನೆ ಸೇರುತ್ತಾರೆ. ಬೇಸಿಗೆಯಲ್ಲಂತೂ ಮಧ್ಯಾಹ್ನ ನಾನು, ಕೆಲಸದ ಹುಡುಗ, ಫ್ಯಾನು, ಮೂರೇ.

ವಿಷಯಕ್ಕೆ ಬರುತ್ತೇನೆ. 2024ರಲ್ಲಿ ಕಲಬುರಗಿಯ ಸಂಪುಟ ಸಭೆಯಲ್ಲಿ ರಾಯಚೂರನ್ನು ಮಹಾನಗರ ಪಾಲಿಕೆ ಮಾಡುವ ತೀರ್ಮಾನ ಆಯಿತಲ್ಲ, ಆಗಿನಿಂದ ‘ಹಳೇ ಪೇಟೆಗೆ ದುಡ್ಡು ಬರುತ್ತೆ’ ಅನ್ನೋ ಮಾತು ಜೋರಾಗಿದೆ. ಬರುತ್ತೋ ಬಿಡುತ್ತೋ, ಕೇಳೋಕಂತೂ ತಯಾರಿರಬೇಕು. ವ್ಯಾಪಾರಸ್ಥರು ಸೇರಿದಾಗ ಒಬ್ಬರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಗ್ರಾನೈಟ್ ಫುಟ್‌ಪಾತು, ಬಣ್ಣದ ಕಾರಂಜಿ, ‘ಐ ಲವ್ ರಾಯಚೂರು’ ಅಂತ ಆಳೆತ್ತರದ ಅಕ್ಷರ. ಎಲ್ಲರೂ ವ್ಹಾ ಅಂದರು. ನನಗೆ ಮಾತ್ರ ಯಾಕೋ ಒಪ್ಪಿಗೆ ಆಗಲಿಲ್ಲ. ಕುಡಿಯುವ ನೀರಿಗೇ ತಲೆ ಕೆಡಿಸಿಕೊಳ್ಳುವ ಊರಲ್ಲಿ ಕಾರಂಜಿ ಯಾಕೆ ಬೇಕು ಹೇಳಿ.

ಇನ್ನೊಬ್ಬರದು ಬೇರೆ ಐಡಿಯಾ. ತಿಂಗಳಿಗೊಂದು ಸಂಜೆ ರಸ್ತೆ ಬಂದ್ ಮಾಡಿ ಹಾಡು, ತಿಂಡಿ, ಮಕ್ಕಳ ಆಟ ಇಡೋಣ ಅಂದರು. ಇದು ಚೆನ್ನಾಗಿದೆ ಅನ್ನಿಸಿತು. ಆದರೆ ಗದ್ದಲ ನೋಡೋಕೆ ಬಂದವರು ಸೀರೆ ತಗೊಳ್ತಾರಾ? ಮೊದಲು ಯಾವುದಕ್ಕೆ ದುಡ್ಡು ಕೇಳಬೇಕು? ಬೇರೆ ಊರಲ್ಲಿ ಇಂಥದ್ದು ನೋಡಿದವರು ಇದ್ದರೆ ಹೇಳಿ. ಸುಮ್ನೆ ‘ಆನ್‌ಲೈನ್‌ನಲ್ಲಿ ಮಾರಿ’ ಅನ್ನಬೇಡಿ, ಅದನ್ನು ಮಗಳು ದಿನಾ ಹೇಳುತ್ತಾಳೆ.

ಹಳೇ ಓವರ್‌ಸೀಯರ್

ಇಡೀ ಸರ್ವೀಸು ಬೀದಿ ಕೆಲಸದಲ್ಲೇ ಕಳೆದವನು ನಾನು, ಬೇರೆ ಜಿಲ್ಲೆಯಲ್ಲಿ. ನೆಲದ ಮೇಲಿನದನ್ನು ಆಮೇಲೆ ಕೇಳಿ, ಮೊದಲು ನೆಲದ ಕೆಳಗಿನದನ್ನು ಕೇಳಿ. ಒಳಚರಂಡಿ, ಮಳೆನೀರಿನ ಚರಂಡಿ, ನೀರಿನ ಪೈಪು, ಕರೆಂಟು ಮತ್ತು ಇಂಟರ್ನೆಟ್ ವೈರಿಗೆ ಕೊಳವೆ. ಇದೆಲ್ಲ ಮುಗಿಯದೆ ಗ್ರಾನೈಟ್ ಹಾಕಿದರೆ ಆರು ತಿಂಗಳಿಗೆ ಯಾರೋ ಬಂದು ಅಗೆಯುತ್ತಾರೆ. ಅಗೆದವರು ಅದೇ ಕಲ್ಲನ್ನು ಅದೇ ಮಟ್ಟಕ್ಕೆ ಕೂರಿಸಿದ್ದನ್ನು ನಾನಂತೂ ಕಂಡಿಲ್ಲ.

ಬೆಂಗಳೂರಿನ ಚರ್ಚ್ ಸ್ಟ್ರೀಟ್ ನೋಡಿರಬಹುದು. ಮುಕ್ಕಾಲು ಕಿಲೋಮೀಟರ್ ಆಸುಪಾಸಿನ ಬೀದಿ. 2017ರಲ್ಲಿ ಅಗೆದದ್ದು, 2018ಕ್ಕೆ ತೆರೆಯಿತು. ಈಗ ಫೋಟೋದಲ್ಲಿ ಚೆಂದ ಕಾಣುತ್ತದೆ, ನಡೆಯೋಕೂ ಚೆಂದ. ಆದರೆ ಕೆಲಸ ನಡೆಯುವಾಗ ಅಲ್ಲಿನ ಅಂಗಡಿಯವರು ಪಟ್ಟ ಪಾಡು ಫೋಟೋದಲ್ಲಿ ಇಲ್ಲ. ನಿಮ್ಮಂಥ ಜವಳಿ ಅಂಗಡಿ ಒಂದು ಮದುವೆ ಸೀಸನ್ ಕಳೆದುಕೊಂಡರೆ ಮತ್ತೆ ಏಳುವುದು ಕಷ್ಟ. ಅದಕ್ಕೇ ಬರೆದು ಕೇಳಿ: ಬೀದಿಯನ್ನು ತುಂಡು ತುಂಡಾಗಿ ತಗೊಳ್ಳಬೇಕು, ಒಂದು ತುಂಡು ಮುಗಿಯದೆ ಮುಂದಿನದನ್ನು ಮುಟ್ಟಬಾರದು, ಮದುವೆ ಮುಹೂರ್ತ ಇರುವ ತಿಂಗಳಲ್ಲಿ, ದಸರಾ ದೀಪಾವಳಿಯಲ್ಲಿ ಗುದ್ದಲಿ ಬೀಳಬಾರದು.

ದುಡ್ಡಿನ ಮಾತು. ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅಂತ ಬಜೆಟ್‌ನಲ್ಲಿ ಹೇಳುತ್ತಾರೆ. ಅದು ಏಳು ಜಿಲ್ಲೆಗೆ. ಶಾಲೆ, ಆಸ್ಪತ್ರೆ, ಹಳ್ಳಿ ರಸ್ತೆ ಎಲ್ಲಾ ಅದರಲ್ಲೇ ಬರಬೇಕು. ಇಂಥ ದುಡ್ಡು ಕಟ್ಟೋಕೆ ಸಿಗುತ್ತದೆ, ಕಟ್ಟಿದ್ದನ್ನು ದಿನಾ ನೋಡಿಕೊಳ್ಳೋಕೆ ಸಿಗುವುದು ಕಮ್ಮಿ. ಒಡೆದ ಬಲ್ಬು ಯಾರು ಹಾಕಬೇಕು, ಚರಂಡಿ ಕಸ ಯಾರು ಎತ್ತಬೇಕು, ಇದನ್ನು ಟೆಂಡರಿನಲ್ಲೇ ಸೇರಿಸಿ ಅನ್ನಿ. ದಿಲ್ಲಿಯ ಚಾಂದನಿ ಚೌಕ್‌ನಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ ಮೋಟಾರು ಗಾಡಿ ಬಿಡಬಾರದು ಅಂತ ನಿಯಮ ಮಾಡಿ, ಕೆಂಪು ಕಲ್ಲು ಹಾಸಿ 2021ರಲ್ಲಿ ಉದ್ಘಾಟನೆ ಮಾಡಿದರು. ಕಾಯುವವರು ಕಮ್ಮಿಯಾದಾಗ ಗಾಡಿಗಳು ಮತ್ತೆ ನುಗ್ಗಿದವು. ಕಲ್ಲು ಏನು ಮಾಡೀತು.

ಇನ್ನೊಂದು, ಬೇಜಾರಾಗಬೇಡಿ. ‘ಪಾರ್ಕಿಂಗ್ ಇಲ್ಲ’ ಅನ್ನುತ್ತೀರಲ್ಲ, ನಿಮ್ಮ ಅಂಗಡಿ ಮುಂದೆ ಬೆಳಿಗ್ಗೆಯಿಂದ ರಾತ್ರಿ ತನಕ ನಿಲ್ಲುವ ಬೈಕು ಯಾರದು? ಹಳೇ ಪೇಟೆಗಳಲ್ಲಿ ನಾನು ಕಂಡಂತೆ ಅದು ಮಾಲೀಕರದು, ಇಲ್ಲಾ ಅವರ ಕೆಲಸದವರದು.

ಜವಳಿ ಅಂಗಡಿ

ಸರ್, ಚರಂಡಿ ಮಾತು ಒಪ್ಪಿದೆ, ಬರೆದುಕೊಂಡೆ. ಬೈಕಿನ ಮಾತು ಅಲ್ಲೇ ಇರಲಿ. ಗಲ್ಲಾಪೆಟ್ಟಿಗೆ ದುಡ್ಡು ಇಟ್ಟುಕೊಂಡು ರಾತ್ರಿ ಹತ್ತಕ್ಕೆ ಶಟರ್ ಎಳೆಯುವವನು ಗಾಡಿ ದೂರ ಇಟ್ಟು ನಡೆದು ಹೋಗೋದು ಹೇಗೆ?

ಮಾನ್ವಿ ಟೀಚರ್

ಅಣ್ಣಾ, ನಾನು ನೀವು ಹೇಳಿದ ಮಾನ್ವಿ ಗಿರಾಕಿ. ಹೋದ ವರ್ಷ ತಂಗಿ ಮದುವೆ ಜವಳಿ ಶೋರೂಮಲ್ಲೇ ತಗೊಂಡೆವು. ಯಾಕೆ ಅಂತ ಹೇಳಲಾ? ಎಸಿಗೆ ಅಲ್ಲ. ಬಾತ್‌ರೂಮಿಗೆ.

ಮದುವೆ ಜವಳಿ ಅಂದರೆ ಅರ್ಧ ದಿನದ ಕೆಲಸ. ಅವ್ವ, ಚಿಗವ್ವ, ಸೋದರತ್ತೆ, ಮದುಮಗಳು, ಒಂದು ಕೂಸು, ಎಲ್ಲಾ ಬರುತ್ತೇವೆ. ಮೊದಲು ನಿಮ್ಮ ಕಡೆ ಬರುವಾಗ ಅವ್ವ ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ರಾಯಚೂರು ಬಿಸಿಲಲ್ಲಿ! ನಿಮ್ಮ ಅಂಗಡಿಯಲ್ಲಿ ಕೂತು ಐವತ್ತು ಸೀರೆ ಬಿಚ್ಚಿಸಿದಾಗ ನೀವು ಟೀ ತರಿಸುತ್ತೀರಿ, ನಾವು ಬೇಡ ಅನ್ನುತ್ತೇವೆ. ಬೇಡ ಅನ್ನೋದು ಸಂಕೋಚಕ್ಕಲ್ಲ. ಇದನ್ನು ಯಾವ ಗಂಡಸು ಅಂಗಡಿಯವರೂ ಇವತ್ತಿನ ತನಕ ಕೇಳಿಲ್ಲ, ನಾವೂ ಹೇಳಿಲ್ಲ.

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಮೊದಲನೇ ಸಾಲು ಇದೇ ಇರಲಿ. ಹೆಂಗಸರಿಗೆ ಶೌಚಾಲಯ, ನೀರು ಬರುವಂಥದ್ದು, ಒಳಗಿನಿಂದ ಚಿಲಕ ಬೀಳುವಂಥದ್ದು. ನೋಡಿಕೊಳ್ಳೋಕೆ ಒಬ್ಬ ಹೆಣ್ಣುಮಗಳು, ಸಂಬಳ ಕೊಟ್ಟು. ಹತ್ತು ರೂಪಾಯಿ ಕೊಟ್ಟು ಹೋಗುತ್ತೇವೆ, ಏನೂ ತೊಂದರೆ ಇಲ್ಲ. ಆದರೆ ಅದು ಪೇಟೆ ಮುಚ್ಚುವ ತನಕ ತೆರೆದಿರಬೇಕು. ಉದ್ಘಾಟನೆ ಆಗಿ ಬೀಗ ಬಿದ್ದ ಶೌಚಾಲಯ ಬೇಕಾದಷ್ಟು ನೋಡಿದ್ದೇವೆ. ಕೂಸಿಗೆ ಹಾಲುಣಿಸೋಕೆ ಒಂದು ಮರೆ. ಕೂರೋಕೆ ಕಲ್ಲುಬೆಂಚು, ಬೇವಿನ ನೆರಳಲ್ಲಿ. ಬಿಸಿಲಿಗೆ ಕಾದ ಸ್ಟೀಲ್ ಬೆಂಚು ಬೇಡವೇ ಬೇಡ. ಆಮೇಲೆ ಒಳಗಿನ ಓಣಿಗಳಿಗೂ ಲೈಟು. ಮುಖ್ಯ ರಸ್ತೆ ಝಗಮಗ ಇದ್ದು, ಬಸ್ ಸ್ಟ್ಯಾಂಡಿಗೆ ಹೋಗುವ ಓಣಿ ಕತ್ತಲಿದ್ದರೆ ನಾವು ಏಳು ಗಂಟೆಗೇ ಹೊರಡುತ್ತೇವೆ. ನಿಮ್ಮ ಸಂಜೆ ಕಾರ್ಯಕ್ರಮ ಯಾರು ನೋಡಬೇಕು?

ಮಿರ್ಚಿ ಬಂಡಿ

ಟೀಚರ್ ಹೇಳಿದ್ದು ಖರೆ. ನಮ್ಮ ಅವ್ವ ಬಂಡಿ ಮೇಲೆ ಸಂಜೆ ನಾಲ್ಕರಿಂದ ರಾತ್ರಿ ಹತ್ತರ ತನಕ ನಿಂತಿರುತ್ತಾಳೆ. ಆಕೆಗೂ ಅದೇ ಸಮಸ್ಯೆ.

ನನಗಿರುವ ಭಯ ಬೇರೆ. ‘ಪೇಟೆ ಚೆಂದ ಮಾಡ್ತೀವಿ’ ಅಂದ ಕೂಡಲೇ ಮೊದಲು ಎತ್ತಿಸುವುದು ನಮ್ಮ ಬಂಡಿ. ಮಂಡಾಳು ವಗ್ಗರಣೆ, ಮಿರ್ಚಿ ತಿನ್ನೋಕೆ ಬಂದವರೇ ಅಲ್ವಾ ಪಕ್ಕದ ಅಂಗಡಿಗೆ ಕಾಲಿಡೋದು? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದಿ ಅಣ್ಣಾ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎತ್ತಿಸಬಾರದು ಅಂತ ಇದೆ. ಬೇರೆ ಕಡೆ ಕಳಿಸೋದಾದರೆ 30 ದಿನ ಮೊದಲು ನೋಟಿಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40 ಜನ ನಾವೇ ಇರಬೇಕು, ಅದರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು. ನಿಮ್ಮ ಸಭೆಗೆ ನಮ್ಮವರನ್ನು ಕರೆದಿದ್ದೀರಾ? ಇಲ್ಲ ಅಂತ ಗೊತ್ತು, ಸುಮ್ನೆ ಕೇಳಿದೆ.

ಇಂದೋರಿನ ಸರಾಫಾ ಗೊತ್ತಲ್ಲ. ಹಗಲು ಚಿನ್ನ ಬೆಳ್ಳಿ ಅಂಗಡಿ. ರಾತ್ರಿ ಅವು ಮುಚ್ಚಿದ ಮೇಲೆ ಅದೇ ಕಟ್ಟೆ ಮುಂದೆ ತಿಂಡಿ ಅಂಗಡಿ, ನಡುರಾತ್ರಿ ದಾಟಿದರೂ ಜನ. ಅಷ್ಟು ಜನ ಓಡಾಡುವ ಕಡೆ ಕಳ್ಳ ಶಟರ್ ಮುಟ್ಟೋದು ಹೇಗೆ? ರಾಯಚೂರಿಗೂ ಸರಾಫ್ ಬಜಾರ್ ಇದೆ. ಎಂಟಾದರೆ ಅಲ್ಲಿ ನಾಯಿ ಬಿಟ್ಟರೆ ಯಾರಿಲ್ಲ. ನಮ್ಮ ಬಿಸಿಲಿಗೆ ಪೇಟೆ ರಾತ್ರಿ ನಡೆಯಬೇಕು.

ಗಂಜ್ ಕಡೆಯವ

ಕಾರ್ಯಕ್ರಮದ ಬಗ್ಗೆ ಕೇಳಿದ್ದೀರಿ, ನನಗೆ ಗೊತ್ತಿರುವುದು ಹೇಳುತ್ತೇನೆ.

ಹೊಸದಾಗಿ ಹುಟ್ಟಿಸೋದು ಯಾಕೆ? ಕಾರಹುಣ್ಣಿಮೆಗೆ ಮುನ್ನೂರು ಕಾಪು ಸಮಾಜದವರು ಮಾಡುವ ಮುಂಗಾರು ಸಾಂಸ್ಕೃತಿಕ ಹಬ್ಬ ಇದೆಯಲ್ಲ. ಕೃಷಿ ಮಾರುಕಟ್ಟೆ ಇರುವ ರಾಜೇಂದ್ರ ಗಂಜ್‌ನಲ್ಲಿ ಎತ್ತುಗಳು ಟನ್ನುಗಟ್ಟಲೆ ಭಾರದ ಕಲ್ಲು ಎಳೆಯುವ ಸ್ಪರ್ಧೆ. ಆಂಧ್ರ, ತೆಲಂಗಾಣದಿಂದಲೂ ಜೋಡಿ ಎತ್ತು ಬರುತ್ತವೆ. ಜನ ಬಿಸಿಲನ್ನೂ ಲೆಕ್ಕಕ್ಕೆ ಇಡೋದಿಲ್ಲ. ಯಾಕೆ ಅಷ್ಟು ಜನ? ಅದು ರೈತನ ಹಬ್ಬ, ತನ್ನ ಎತ್ತಿನ ಮಾನದ ಪ್ರಶ್ನೆ. ಬೆಂಗಳೂರಿನಿಂದ ಆರ್ಕೆಸ್ಟ್ರಾ ಕರೆಸಿದರೆ ಬರುವ ಜನ ಬೇರೆ, ಒಂದು ರಾತ್ರಿ ಕುಣಿದು ಹೋಗುತ್ತಾರೆ, ಮುಗೀತು.

ಆದರೆ ಗಂಜ್‌ಗೆ ಬಂದ ಈ ಜನ ನಿಮ್ಮ ಕಡೆ ಬರದೆ ವಾಪಸ್ ಹೋಗುತ್ತಾರೆ. ನಿಮ್ಮವರು ಯಾರೂ ಅವರನ್ನು ಕರೆದೂ ಇಲ್ಲ. ಹಬ್ಬದ ಹಿಂದಿನ ಎರಡು ಸಂಜೆ ಹಳೇ ಪೇಟೆಯಲ್ಲಿ ಎತ್ತಿನ ಸಾಮಾನಿನ ಸಂತೆ ಮಾಡಿ ನೋಡಿ. ಗೆಜ್ಜೆ, ಗೊಂಡೆ, ಹಗ್ಗ, ಮೂಗುದಾರ, ಕೊಂಬಿನ ಬಣ್ಣ, ಜೂಲು. ರೈತ ಎತ್ತಿಗೆ ಜೂಲು ತಗೊಂಡ ಮೇಲೆ ಹೆಂಡತಿಗೆ ಸೀರೆ ತಗೊಳ್ಳದೆ ಹೇಗೆ ಮನೆಗೆ ಹೋಗುತ್ತಾನೆ! ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೇ ಕೋಟೆ. ಅದರ ಗೋಡೆಯಲ್ಲಿ 1294ರ ಶಾಸನ ಇರುವ ಒಂದು ಕಲ್ಲಿದೆ, ಸುಮಾರು 41 ಅಡಿ ಉದ್ದ. ಅದನ್ನು ಬಂಡಿಗೆ ಹೇರಿ ದನಗಳಿಂದ ಎಳೆಸಿ ತಂದ ಚಿತ್ರವನ್ನೂ ಕೋಟೆ ಗೋಡೆಯ ಮೇಲೆ ಕೊರೆದಿದ್ದಾರೆ. ಗಂಜ್‌ನಲ್ಲಿ ಕಲ್ಲು ಎಳೆಸುವ ರೈತನನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸಿ, ಅವನೇ ನಿಮಗೆ ನೊಗ ಹೇಗೆ ಕಟ್ಟಿರಬೇಕು ಅಂತ ವಿವರಿಸುತ್ತಾನೆ. ಅಲ್ಲಿ ಒಂದು ಒಳ್ಳೆ ಲೈಟು, ಓದೋಕೆ ಬರುವ ಒಂದು ಫಲಕ. ಕಾರಂಜಿಗಿಂತ ಎಷ್ಟೋ ಕಮ್ಮಿ ಖರ್ಚು.

ತಿಂಗಳ ಸಂಜೆಗೆ ನಮ್ಮಲ್ಲೇ ಹಾಡುವವರು ಬೇಕಾದಷ್ಟಿದ್ದಾರೆ. ಚೀಕಲಪರ್ವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ನಮ್ಮ ನೆಲದವರು. ಒಂದು ತಿಂಗಳು ದಾಸರ ಪದ, ಒಂದು ತಿಂಗಳು ತತ್ವಪದ, ಮೊಹರಂ ಹೊತ್ತಿಗೆ ರಿವಾಯತ್ ಪದ. ಮೈಕು ಸಣ್ಣದಿರಲಿ. ಮುಖ್ಯ ಅತಿಥಿ, ಶಾಲು, ಹಾರ ಇವೆಲ್ಲಾ ಇಲ್ಲದಿದ್ದರೆ ಅರ್ಧ ಗಂಟೆ ಉಳಿಯುತ್ತದೆ, ಜಗಳವೂ ಉಳಿಯುತ್ತದೆ.

ದೂರದ ರಾಯಚೂರಿಗ

ಅಮೆರಿಕದಲ್ಲಿದ್ದೇನೆ, ಹುಟ್ಟಿದ್ದು ಸ್ಟೇಷನ್ ರಸ್ತೆ ಹತ್ತಿರ. ಇಲ್ಲಿನ ಸಣ್ಣ ಊರುಗಳ ಪೇಟೆಗಳೂ ಮಾಲ್ ಬಂದಾಗ ಹೀಗೇ ಖಾಲಿಯಾದವು. 1977ರಲ್ಲಿ ಮೂರು ಊರುಗಳಲ್ಲಿ ಒಂದು ಪ್ರಯೋಗ ಮಾಡಿದರು, 1980ರಲ್ಲಿ ಅದಕ್ಕೇ ಒಂದು ರಾಷ್ಟ್ರೀಯ ಕೇಂದ್ರ ಆಯಿತು. ‘ಮೇನ್ ಸ್ಟ್ರೀಟ್’ ಅಂತ ಹೆಸರು. ಹಳೇ ಕಟ್ಟಡ ಕೆಡವದೆ ರಿಪೇರಿ ಮಾಡೋದು, ಅಂಗಡಿಯವರನ್ನು ಒಂದುಗೂಡಿಸೋದು, ಹಬ್ಬ ಮಾಡೋದು, ವ್ಯಾಪಾರ ಬೆಳೆಸೋದು, ನಾಲ್ಕನ್ನೂ ಒಟ್ಟಿಗೆ ಹಿಡಿದರು. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಪ್ರತಿ ಊರಿಗೂ ಸಂಬಳದ ಒಬ್ಬ ಮನುಷ್ಯನನ್ನು ಇಟ್ಟರು, ಅವನ ಕೆಲಸವೇ ಆ ಪೇಟೆ. ನಿಮ್ಮಲ್ಲಿ ಎಲ್ಲರೂ ಗಲ್ಲಾ ಮೇಲೆ ಕೂರುವವರು. ಫೋನು ಮಾಡಿ ಪರ್ಮಿಷನ್ನಿಗೆ ಓಡಾಡುವವರು ಯಾರು?

ಜವಳಿ ಅಂಗಡಿ

ಎಲ್ಲಾ ಓದಿದೆ. ಟೀಚರಮ್ಮಾ, ನಿಮ್ಮ ಮಾತನ್ನು ಮನೆಯಲ್ಲಿ ಓದಿ ಹೇಳಿದೆ. ನನ್ನ ಹೆಂಡತಿ ‘ಇದನ್ನು ಕೇಳೋಕೆ ಇಂಟರ್ನೆಟ್ ಬೇಕಾಯ್ತಾ’ ಅಂದಳು.

ಅರ್ಜಿ ಹೀಗೆ ಬರೆಯುತ್ತಿದ್ದೇನೆ. ಮೊದಲು ಹೆಂಗಸರ ಶೌಚಾಲಯ ಮತ್ತು ಅದನ್ನು ನೋಡಿಕೊಳ್ಳುವವರ ಸಂಬಳ. ಆಮೇಲೆ ಚರಂಡಿ, ಓಣಿಗಳ ಲೈಟು, ಬೇವಿನ ಗಿಡ. ಗ್ರಾನೈಟ್ ಕೊನೆಗೆ, ಸಿಕ್ಕರೆ ಸಿಕ್ಕಿತು. ಕಾರಂಜಿ ತೆಗೆದಿದ್ದೇನೆ, ಚಿತ್ರ ತೋರಿಸಿದವರು ಎರಡು ದಿನದಿಂದ ಮಾತಾಡಿಸಿಲ್ಲ. ಎತ್ತಿನ ಸಂತೆಗೆ ಸರ್ಕಾರದ ದಾರಿ ಕಾಯುವುದಿಲ್ಲ, ಈ ಕಾರಹುಣ್ಣಿಮೆಗೇ ಮಾಡುತ್ತೇವೆ. ಅದಕ್ಕೆ ಓಡಾಡುವ ಒಬ್ಬ ಹುಡುಗನ ಸಂಬಳಕ್ಕೆ ಅಂಗಡಿಗೆ ದಿನಕ್ಕೆ ಹತ್ತು ರೂಪಾಯಿ ಎತ್ತೋಣ ಅಂತ ಕೇಳಿದೆ. ಕೆಲವರು ಹೂಂ ಅಂದರು, ಕೆಲವರಿಗೆ ಅದೇ ಹೊತ್ತಿಗೆ ಫೋನು ಬಂತು. ಪಾರ್ಕಿಂಗ್ ವಿಷಯ ಇನ್ನೂ ಬಗೆಹರಿದಿಲ್ಲ, ಓವರ್‌ಸೀಯರ್ ಸರ್ ಒಂದು ಸಲ ಬಂದು ಎಲ್ಲರ ಮುಂದೆ ಹೇಳಲಿ, ನನ್ನೊಬ್ಬನಿಗೇ ಯಾಕೆ.

ಮಿರ್ಚಿ ಬಂಡಿ ತಮ್ಮಾ, ಭಾನುವಾರ ಸಭೆ. ನಿಮ್ಮವರು ಬರಬೇಕು, ಅವ್ವನನ್ನೂ ಕರೆದುಕೊಂಡು ಬಾ.

ಮಿರ್ಚಿ ಬಂಡಿ

ಬರ್ತೀವಿ ಅಣ್ಣಾ. ಅರ್ಜಿಯಲ್ಲಿ ನಮ್ಮ ಬಂಡಿ ಸಾಲಿಗೆ ಒಂದು ನಲ್ಲಿ ಕೂಡ ಬರೆಸಿ, ತಟ್ಟೆ ತೊಳೆಯೋಕೆ ಕೊಡ ಹೊತ್ತು ಸಾಕಾಗಿದೆ. ಸಭೆ ಮಾತ್ರ ಮಧ್ಯಾಹ್ನ ಮೂರರೊಳಗೆ ಮುಗಿಸಿ. ಆಮೇಲೆ ಅವ್ವ ಹಿಟ್ಟು ಕಲಸಬೇಕು.