ಅಮ್ಮನ ಕೀಲುವಾತಕ್ಕೆ ಪಕ್ಕದ ಮನೆಯವರ ಇಂಜೆಕ್ಷನ್ ಆಗುತ್ತಾ?

ಕೇಳಿದವರು, ಮದ್ದೂರು: ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಐದಾರು ತಿಂಗಳಿಂದ ಮೆಥೊಟ್ರೆಕ್ಸೇಟ್ ಮಾತ್ರೆ ನಡೀತಿದೆ, ಆದರೂ ಬೆಳಗ್ಗೆ ಎದ್ದಾಗ ಬೆರಳು ಮಡಿಸೋಕಾಗಲ್ಲ. ಪಕ್ಕದ ಮನೆ ಆಂಟಿ ಇದೇ ಕಾಯಿಲೆಗೆ ಇಂಜೆಕ್ಷನ್ ತಗೊಂಡು ಆರಾಮಾಗಿದ್ದಾರೆ. ಅದನ್ನೇ ಕೊಡಿ ಅಂತ ಡಾಕ್ಟರ್‌ನ ಕೇಳಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮೈಸೂರಿಂದ: ಕೇಳಿ ತಂಗಿ, ಆದರೆ ‘ನಮ್ಮಮ್ಮನಿಗೆ ಯಾವುದು ಹೊಂದುತ್ತೆ’ ಅಂತ ಕೇಳಿ. ಮೊದಲು ಆಂಟಿಯ ಔಷಧಿ ಡಬ್ಬಿ ನೋಡಿ. ಅದೂ ಮೆಥೊಟ್ರೆಕ್ಸೇಟೇ ಇರಬಹುದು! ನನಗೆ ಆಗಿದ್ದು ಹಾಗೇ. ಮಾತ್ರೆ ವಾರಕ್ಕೆ 15 ಮಿಲಿಗ್ರಾಂ ದಾಟಿದ ಮೇಲೆ ಹೊಟ್ಟೆಯಿಂದ ರಕ್ತಕ್ಕೆ ಸರಿಯಾಗಿ ಸೇರಲ್ಲ ಅಂತ ಅದೇ ಔಷಧಿನ ಚರ್ಮದಡಿಗೆ ಚುಚ್ಚೋಕೆ ಬರೆದುಕೊಟ್ಟರು. ಊತ ಇಳೀತು. ನಮ್ಮ ಅತ್ತಿಗೆಗೂ ಇದೇ ಕಾಯಿಲೆ, ಆದರೆ ಮಗು ಬೇಕು ಅಂತಿದ್ದಾರೆ. ಬಸಿರಲ್ಲಿ ಮೆಥೊಟ್ರೆಕ್ಸೇಟ್ ಇರಲೇಬಾರದು, ಹಾಗಾಗಿ ಮುಂಚೆಯೇ ನಿಲ್ಲಿಸಿ ಸಲ್ಫಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟಿದ್ದಾರೆ. ಈ ಕಾಯಿಲೆಗೆ ಮಾಡಿಸೋ ರಕ್ತಪರೀಕ್ಷೆಗಳಾದ ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ಎರಡೂ ಪಾಸಿಟಿವ್ ಇದ್ದವರಿಗೆ ರಿಟುಕ್ಸಿಮ್ಯಾಬ್ ಅನ್ನೋ ಇನ್ನೊಂದು ಇಂಜೆಕ್ಷನ್ ಚೆನ್ನಾಗಿ ಹಿಡಿಯೋ ಸಾಧ್ಯತೆ ಜಾಸ್ತಿ. ಹಾಗಂತ ಯಾರಿಗೆ ಯಾವುದು ಖಂಡಿತ ಕೆಲಸ ಮಾಡುತ್ತೆ ಅಂತ ಮೊದಲೇ ಹೇಳೋ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. 28 ಕೀಲು ಒತ್ತಿ ನೋಡಿ ಲೆಕ್ಕ ಹಾಕ್ತಾರಲ್ಲ, ಆ ಸ್ಕೋರ್ ಎಷ್ಟಿದೆ ಅಂತ ಪ್ರತಿ ಸಲ ಕೇಳಿ ಬರೆದಿಡಿ. ಮೂರು ತಿಂಗಳಲ್ಲಿ ಸುಧಾರಿಸದಿದ್ದರೆ, ಆರು ತಿಂಗಳಲ್ಲಿ ಹತೋಟಿಗೆ ಬರದಿದ್ದರೆ ಚಿಕಿತ್ಸೆ ಬದಲಿಸೋದು ವಾಡಿಕೆ. ಅಮ್ಮನ ವಿಷಯ ಈಗ ಮಾತಾಡಲೇಬೇಕು, ಸುಮ್ಮನಿರಬೇಡಿ.

ಮಂಡ್ಯದಿಂದ: ನಮ್ಮಪ್ಪಾಜಿಗೆ ಇದೇ ಕಾಯಿಲೆಗೆ ಅಡಲಿಮುಮ್ಯಾಬ್ ಅನ್ನೋ ಇಂಜೆಕ್ಷನ್ ಶುರು ಮಾಡೋ ಮುಂಚೆ ಎದೆ ಎಕ್ಸ್‌ರೇ, ಟಿಬಿ ಟೆಸ್ಟ್ ಮಾಡಿಸಿದ್ರು. ಮೈಯೊಳಗೆ ಮಲಗಿದ್ದ ಟಿಬಿ ಸಿಕ್ತು. ಈ ಇಂಜೆಕ್ಷನ್ ಅದನ್ನ ಎಬ್ಬಿಸಿಬಿಡುತ್ತಂತೆ, ಅದಕ್ಕೇ ಟಿಬಿ ಮಾತ್ರೆ ಮೊದಲು. ತಡ ಆಯ್ತು ಅಂತ ಸಿಟ್ಟಾಗಬೇಡಿ ಕಣ್ರೀ. ಮನೇಲಿ ಯಾರಿಗಾದ್ರೂ ಟಿಬಿ ಆಗಿದ್ರೆ ಮುಚ್ಚಿಡದೆ ಹೇಳಿ. ಇದೇ ಕಾಯಿಲೆಗೆ ಕೊಡೋ ಟೋಫಾಸಿಟಿನಿಬ್ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತೆ ಅಂತ ಕೇಳಿದ್ವಿ. ವಯಸ್ಸು 65 ದಾಟಿದೆ, ಬೀಡಿ ಬೇರೆ, ಹೃದಯಕ್ಕೆ ಅಪಾಯ ಅಂತ ಬೇಡ ಅಂದ್ರು.

ಇನ್ನೊಬ್ಬರು, ಮೈಸೂರು: ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಕುತ್ತು, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅದರ ಜೊತೆ ಕೊಡೋ ವಿಟಮಿನ್ ಮಾತ್ರೆ ಫೋಲಿಕ್ ಆಸಿಡ್ ಬರೆದಿದ್ದಾರಾ ನೋಡಿ. ಹೋಗುವಾಗ ಲಿವರ್ ಮತ್ತು ರಕ್ತದ ರಿಪೋರ್ಟ್ ಜೊತೆಗೆ ಅಮ್ಮ ತಗೊಳ್ಳೋ ನೋವಿನ ಮಾತ್ರೆ, ನಾಟಿ ಔಷಧಿ ಎಲ್ಲಾನೂ ಒಂದು ಚೀಲದಲ್ಲಿ ಹಾಕ್ಕೊಂಡು ಹೋಗಿ ತೋರಿಸಿ.